ನಾಲ್ಕು ಲ್ಯಾಬು, ಒಂದೇ ನಂಬರು

ಬೆರಳುದ್ದದ ಒಂದು ಬಾಟಲಿ ಈರೇಶನ ಅನ್ನಕ್ಕೆ ಕಲ್ಲು ಹಾಕಲು ಬಂದಿತ್ತು.

ಚಂದಾಪುರದ ಆ ಬೀದಿಯಲ್ಲಿ ರಕ್ತ ಪರೀಕ್ಷೆಯ ಲ್ಯಾಬುಗಳು ನಾಲ್ಕು. ಫ್ಯಾಕ್ಟರಿ ಕೆಲಸಗಾರರ ಶುಗರ್ ಒಂದೊಂದು ಕಡೆ ಒಂದೊಂದು ಬರುತ್ತಿತ್ತು. ರೋಸಿಹೋದ ಫ್ಯಾಕ್ಟರಿ ಡಾಕ್ಟರ್ ಶ್ಯಾಮಲಾ, ಒಂದೇ ಸ್ಯಾಂಪಲ್ಲನ್ನು ನಾಲ್ಕು ಬಾಟಲಿಗೆ ತುಂಬಿಸಿ ಬೆಳಿಗ್ಗೆ ಎಂಟಕ್ಕೆ ನಾಲ್ಕೂ ಲ್ಯಾಬಿಗೆ ಕಳಿಸಿದ್ದರು. ಅದರಲ್ಲಿ ಶುಗರ್ ಎಷ್ಟಿದೆಯೆಂದು ಅವರಿಗೆ ಮಾತ್ರ ಗೊತ್ತು. ಸರಿಯಾಗಿ ಹೇಳಿದವರಿಗೆ ಫ್ಯಾಕ್ಟರಿಯ ಕೆಲಸ, ತಪ್ಪಿದವರಿಗೆ ಚಿಪ್ಪು.

"ಈ ಸಲ ತಪ್ಪಾದ್ರೆ ನೀನು ಊರಿಗೆ ಬಸ್ ಹತ್ತು" ಎಂದಿದ್ದರು ಲ್ಯಾಬಿನ ಯಜಮಾನ ವಿಶ್ವನಾಥ್. ಈರೇಶ ಕೊಪ್ಪಳದಿಂದ ಹೆಂಡತಿ ಸ್ಫೂರ್ತಿಯನ್ನು ಕರೆತಂದು ಇನ್ನೂ ಒಂದೇ ತಿಂಗಳಾಗಿತ್ತು.

ಬಾಟಲಿ ಕೈಗೆತ್ತಿಕೊಳ್ಳುವಷ್ಟರಲ್ಲಿ ಮೇಲಿನ ಮಹಡಿಯಿಂದ ಕಟ್ಟಡದ ಒಡತಿ ವೆಂಕಟಮ್ಮನ ಕೂಗು ಕೇಳಿತು. "ಏಟ್ ಬಂತಪ್ಪಾ ಈರೇಶಾ?" ಬೆಳಿಗ್ಗೆಯೇ ರಕ್ತ ಕೊಟ್ಟು ಹೋಗಿದ್ದಳು. ಹತ್ತು ನಿಮಿಷಕ್ಕೊಮ್ಮೆ ಕೇಳುತ್ತಲೇ ಇದ್ದಳು. ಈರೇಶ ಬಾಟಲಿ ಹಿಡಿದೇ ಬಾಗಿಲಿಗೆ ಬಂದು, ಮೇಲೆ ನೋಡಿ, ಬೀದಿಗೆಲ್ಲ ಕೇಳುವಂತೆ ನಂಬರು ಕೂಗಿ ಒಳಗೆ ಹೋದ.

ಆಮೇಲೆ ಬಾಟಲಿಯ ಪರೀಕ್ಷೆ ಮಾಡಿದ. ನೂರಾ ಹನ್ನೆರಡು. ಇನ್ನೊಮ್ಮೆ ಮಾಡಿದ. ನೂರಾ ಹನ್ನೆರಡು. ಖುಷಿಪಡುವ ಬದಲು ಅವನಿಗೆ ಹೆದರಿಕೆ ಹತ್ತಿತು. ಎದುರು ಲ್ಯಾಬಿನ ಲಿಖಿತ್‌ಗೆ ಫೋನು ಮಾಡಿದ.

"ನಿಂದೆಷ್ಟು ಬಂತಪಾ?"

"ನೂರಾ ಅರವತ್ತೆಂಟು ಗುರು. ಯಾಕೆ?"

ಈರೇಶ ಕೂಡಲೇ ಮೂಲೆ ಲ್ಯಾಬಿನ ದೀಪಶ್ರೀಯನ್ನು ಕೇಳಿದ. ಅವಳದೂ ನೂರಾ ಅರವತ್ತೆಂಟು. ಬಸ್ ಸ್ಟಾಪಿನ ಪಕ್ಕದ ಮುನಿಕೃಷ್ಣನದೂ ಅಷ್ಟೇ. ಹಾಗೆ ನೋಡಿದರೆ ಆ ನಂಬರು ತನಗೂ ಎಲ್ಲೋ ಪರಿಚಯವಿದ್ದ ಹಾಗೆ ಅನ್ನಿಸಿತು. ನಿಜವೇ ಹೀಗೆ ಮನಸ್ಸಿಗೆ ಹೊಳೆಯುತ್ತದೇನೋ ಅಂದುಕೊಂಡ, ಪಾಪ. ಮೆಷಿನ್ ತೊಳೆದ, ಮತ್ತೆ ನೋಡಿದ. ಅದು ಹಟಮಾರಿ ಕೂಸಿನಂತೆ ನೂರಾ ಹನ್ನೆರಡನ್ನೇ ಹಿಡಿದು ಕೂತಿತ್ತು.

ಮೇಲಿನ ಆಫೀಸಿನಿಂದ ವಿಶ್ವನಾಥ್ ಇಳಿದು ಬಂದರು. ಈರೇಶ ನಡೆದದ್ದೆಲ್ಲ ಹೇಳಿದ. "ಮೂರು ಲ್ಯಾಬೂ ಒಂದೇ ಹೇಳ್ತಾ ಇರೋವಾಗ ನೀನೊಬ್ಬನೇ ಬುದ್ಧಿವಂತನೇನೋ? ಅದನ್ನೇ ಬರೆದು ಕಳಿಸು!"

ಈರೇಶ ಅಳುಮೋರೆ ಹಾಕಿಕೊಂಡು ನೂರಾ ಅರವತ್ತೆಂಟು ಎಂದು ಬರೆದು ಕಳಿಸಿದ.

ನಾಲ್ಕು ಗಂಟೆಗೆ ಡಾಕ್ಟರ್ ಶ್ಯಾಮಲಾ ಅವರ ಫೋನು ಬಂತು. ವಿಶ್ವನಾಥ್ ಸ್ಪೀಕರಿಗೆ ಹಾಕಿದರು. "ನಾಲ್ಕು ಲ್ಯಾಬಲ್ಲೂ ಒಂದೇ ರಿಸಲ್ಟು ವಿಶ್ವನಾಥ್ ಅವರೇ, ನನ್ನ ಸರ್ವೀಸಲ್ಲೇ ನೋಡಿರ್ಲಿಲ್ಲ! ಆದ್ರೆ ಬಾಟಲಿಯಲ್ಲಿ ಇದ್ದಿದ್ದು ನೂರಾ ಹನ್ನೆರಡು. ನಾಲ್ಕೂ ಜನಾನ ಪಟ್ಟಿಯಿಂದ ತೆಗೆದಿದ್ದೀನಿ."

"ಸಾರ್, ನನಗ ಅಷ್ಟ ಬಂದಿತ್ತಲ್ರೀ" ಎಂದ ಈರೇಶ, ಫೋನಿಟ್ಟ ವಿಶ್ವನಾಥ್ ಕಡೆ ತಿರುಗಿ.

"ಮತ್ತೆ ಯಾಕೋ ಬದಲಾಯಿಸ್ದೆ?"

"ನೀವ ಹೇಳಿದ್ರಲ್ರೀ..."

"ನಾನು ಹೇಳಿದ್ರೆ ಕೇಳ್ಬಿಡೋದಾ? ಟೆಕ್ನಿಶಿಯನ್ ನೀನೋ ನಾನೋ? ನಾಳೆಯಿಂದ ಬರ್ಬೇಡ."

ಈರೇಶ ಚೀಲ ಹೆಗಲಿಗೇರಿಸಿ ರಸ್ತೆ ದಾಟಿ ಲಿಖಿತ್‌ನ ಕೊರಳಪಟ್ಟಿ ಹಿಡಿದ. "ಎಲ್ಲಿಂದ ತಂದ್ಯೋ ಆ ನಂಬರು?"

ಲಿಖಿತ್ ಕಣ್ಣು ಕಣ್ಣು ಬಿಟ್ಟ. "ನೀನೇ ಅಲ್ವಾ ಗುರು ಹೇಳಿದ್ದು! ನಮ್ಮ ಮೆಷಿನ್ ಕೆಟ್ಟು ಮೂರು ದಿನ ಆಯ್ತು. ಬೆಳಿಗ್ಗೆ ಟೀ ಕುಡೀತಾ ನಿಂತಿದ್ದೆ. ನೀನು ಬಾಟಲಿ ಹಿಡ್ಕೊಂಡು ಬಾಗ್ಲಿಗೆ ಬಂದು, ಮೇಲೆ ನೋಡಿ ಕೂಗಿದೆ. ನಿಮ್ಮ ಸಾರ್‌ಗೆ ರಿಸಲ್ಟ್ ಹೇಳ್ತಿದ್ದೀಯ ಅಂದ್ಕೊಂಡೆ. ಈ ಬೀದಿಯಲ್ಲಿ ನೆಟ್ಟಗೆ ಟೆಸ್ಟ್ ಮಾಡೋನು ನೀನೊಬ್ಬನೇ ಅಂತ ನಿಂದನ್ನೇ ಬರೆದೆ. ಅವರಿಬ್ಬರಿಗೂ ನಾನೇ ಹೇಳ್ದೆ."

ಈರೇಶನ ಕೈ ತಾನಾಗಿ ಸಡಿಲವಾಯಿತು. ತನ್ನನ್ನು ಇಷ್ಟು ನಂಬುವವರು ಇದ್ದಾರೆಂದು ಅವನಿಗೆ ಗೊತ್ತಾದದ್ದು ಆ ಹೊತ್ತಿನಲ್ಲಿ. ಸ್ಫೂರ್ತಿಗೆ ಏನು ಹೇಳಲಿ ಎಂದುಕೊಂಡ.

ಮೇಲಿನಿಂದ ವೆಂಕಟಮ್ಮ ಇಣುಕಿದಳು. "ಈರೇಶಾ, ನನ್ ಶುಗರು ನೂರಾ ಅರವತ್ತೆಂಟು ಅಂತ ಯೋಳ್ದಲ್ಲಪ್ಪಾ, ಯಾಕೋ ನಂಬ್ಕೆನೇ ಬರ್ತಿಲ್ಲ. ಬ್ಯಾರೆ ಲ್ಯಾಬ್ನಾಗೂ ಒಂದ್ಕಿತ ನೋಡುಸ್ಲಾ?"

ಈರೇಶ ತಲೆಯೆತ್ತಿ ನೋಡಿದ.

"ಬ್ಯಾಡ್ರಿ ಅಮ್ಮಾ" ಎಂದ. "ನಾಲ್ಕೂ ಲ್ಯಾಬಿನ್ಯಾಗ ಅಷ್ಟ ಬಂದೈತ್ರಿ."