ಹದಿನೇಳನೇ ನಂಬರಿನ ಗೋಡೆ

ಬಿ.ಎ. ಮುಗಿಸಿ ಕೆಲಸ ಸಿಗುವವರೆಗೆ, ಅರಿಶಿನಕುಂಟೆ ಹತ್ತಿರದ ನಮ್ಮೂರಿನ ಹತ್ತನೇ ಕ್ಲಾಸಿನ ಮಕ್ಕಳ ಇಂಗ್ಲಿಷನ್ನು ಉದ್ಧಾರ ಮಾಡಲು ತೀರ್ಮಾನಿಸಿದೆ. ಮಕ್ಕಳೇನೂ ಕೇಳಿಕೊಂಡಿರಲಿಲ್ಲ.

ನಾನು ಬರೆಸಿದ ಕಷ್ಟದ ಪದಗಳು ಪುಸ್ತಕದಲ್ಲೇ ಉಳಿಯುತ್ತಿದ್ದವು. ಅವನ್ನು ಮಕ್ಕಳು ಓಡಾಡುವ ಬೀದಿಯ ಗೋಡೆಗಳ ಮೇಲೇ ಬರೆದರೆ? ಮನೆಗೊಂದು ಪದ. ಯಾರೂ ಹಾರಿಸಿ ಓದಬಾರದೆಂದು ಪದಕ್ಕೊಂದು ನಂಬರು. ಸಂಕ್ರಾಂತಿಗೆ ಎತ್ತಿನ ಕೊಂಬಿಗೆ ಬಳಿದು ಮಿಕ್ಕಿದ್ದ ಕೆಂಪು ಬಣ್ಣವನ್ನು ಪಕ್ಕದ ಮನೆಯ ಮುನಿಯಮ್ಮಜ್ಜಿಯಿಂದ ಕೇಳಿ ತಂದೆ. ಊರವರೆಲ್ಲ ಮದುವೆಗೆಂದು ನೆಲಮಂಗಲಕ್ಕೆ ಹೋಗಿದ್ದ ಒಂದು ಭಾನುವಾರ, ಇಪ್ಪತ್ಮೂರು ಗೋಡೆಗಳನ್ನು ವಿದ್ಯಾವಂತರನ್ನಾಗಿ ಮಾಡಿದೆ!

ಸಂಜೆ ಕೈಗಂಟಿದ ಕೆಂಪು ಬಣ್ಣದ ಸಮೇತ ಅಂಗಡಿಗೆ ಹೋದರೆ ಎಲ್ಲರ ಮಾತೂ ನಿಂತುಹೋಯಿತು. ಪದಗಳನ್ನು ಮನನ ಮಾಡುತ್ತಿದ್ದಾರೆ ಎಂದುಕೊಂಡೆ.

ಒಂದು ಸಣ್ಣ ವಿಷಯ ಮರೆತಿದ್ದೆ. ಹೆದ್ದಾರಿ ಅಗಲ ಮಾಡುತ್ತಾರೆ, ಮನೆಗಳು ಹೋಗುತ್ತವೆ ಎಂಬ ಸುದ್ದಿಗೆ ಊರು ಒಂದು ತಿಂಗಳಿಂದ ನಿದ್ದೆಗೆಟ್ಟಿತ್ತು. ಒಡೆಯಬೇಕಾದ ಮನೆಗಳಿಗೆ ಸರ್ವೆಯವರು ಕೆಂಪು ಬಣ್ಣದಲ್ಲೇ ನಂಬರು ಹಾಕುತ್ತಾರೆಂಬುದು ನನ್ನನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು.

ಸೋಮವಾರ ಬೆಳಿಗ್ಗೆ ನೋಟ್‌ಬುಕ್ ಹಿಡಿದು, ಯಾವ ಗೋಡೆಗೆ ಯಾವ ಪದ ಎಂದು ಗುರುತು ಹಾಕಿಕೊಳ್ಳುತ್ತಾ ಹೊರಟೆ. ಹಿಂದೆ ಒಬ್ಬರು ಬಂದರು. ಆಮೇಲೆ ನಾಲ್ವರು. ಹದಿನೇಳನೇ ಗೋಡೆಯ ಮುಂದೆ ತಿರುಗಿ ನೋಡಿದರೆ ಇಡೀ ಊರೇ ಇತ್ತು. ಆ ಮನೆ ಚಿಕ್ಕಣ್ಣನವರದು. ಆರು ತಿಂಗಳ ಹಿಂದಷ್ಟೇ ಕಟ್ಟಿಸಿದ್ದು. ಅವರ ಕೈಯಲ್ಲಿ ಹಗ್ಗವಿತ್ತು. ಅದು ಎತ್ತಿಗೇ ಇರಬೇಕೆಂದು ನಂಬಲು ಬಹಳ ಪ್ರಯತ್ನಿಸಿದೆ.

“ಸರ್ವೆಯವ್ರ ಜೊತೆ ಯಾವಾಗಿಂದ ಸೇರ್ಕೊಂಡಿದ್ದೀಯಪ್ಪಾ?” ಎಂದರು ಚಿಕ್ಕಣ್ಣ, ಮೆಲ್ಲಗೆ. ಆ ಮೆಲುದನಿ ಈಗಲೂ ನನ್ನ ಕಿವಿಯಲ್ಲಿದೆ.

ಇದು ಪಾಠ, ಬೇಕಾದರೆ ನಿಮ್ಮ ಮಗಳನ್ನೇ ಕೇಳಿ ಎಂದೆ. ಮಂಜುಳಾ ಬಂದಳು. ಮೂರು ತಿಂಗಳಲ್ಲಿ ಒಂದು ಪದದ ಅರ್ಥವನ್ನೂ ಸರಿಯಾಗಿ ಹೇಳಿರದ ಹುಡುಗಿ. ಗೋಡೆ ನೋಡಿ, ಕೈಕಟ್ಟಿ ನಿಂತಳು.

“ಡೆಮಾಲಿಶ್. ಅಂದ್ರೆ ಕೆಡವಿ ನೆಲಸಮ ಮಾಡೋದು, ಸಾರ್.”

ಪೂರ್ತಿ ಸರಿ!

ಆ ಗೋಡೆಗೆ ‘ಹಾಸ್ಪಿಟಾಲಿಟಿ’ ಬರೆಯಬಹುದಿತ್ತಲ್ಲ ಎಂದು ಇಂದಿಗೂ ಕೊರಗುತ್ತೇನೆ. ಅದು ಹದಿನೆಂಟನೇ ಮನೆಯಲ್ಲಿತ್ತು.

ನನ್ನನ್ನು ಲೈಟು ಕಂಬದತ್ತ ನಡೆಸಿದರು. ಹಗ್ಗ ಸೊಂಟಕ್ಕೆ ಒಂದು ಸುತ್ತು ಬಂದಿತ್ತು. ಅಷ್ಟರಲ್ಲಿ ಮುನಿಯಮ್ಮಜ್ಜಿ ಗೋಡೆಯ ಹತ್ತಿರ ಹೋಗಿ, ಉಗುರಿನಿಂದ ಬಣ್ಣ ಕೆರೆದು ನೋಡಿದರು.

“ಬಿಡ್ಲಾ ಚಿಕ್ಕ ಅವನ್ನ. ಇದು ನಮ್ಮೆತ್ತಿನ ಕೊಂಬಿನ ಬಣ್ಣ ಕಣ್ಲಾ. ಸರ್ಕಾರದವ್ರು ಬಣ್ಣ ಕೇಳ್ಕೊಂಡು ನಮ್ಮನೇಗೆ ಬತ್ತಾರಾ?”

ನಾನು ಸರ್ಕಾರದವನಲ್ಲ, ಬರೀ ದಡ್ಡ ಎಂದು ಊರು ಒಪ್ಪಿತು. ಇಪ್ಪತ್ಮೂರು ಗೋಡೆಗಳಿಗೂ ನಾನೇ ಸುಣ್ಣ ಬಳಿಯಬೇಕೆಂದು ತೀರ್ಪಾಯಿತು. ಯುಗಾದಿ ಹತ್ತಿರವಿದ್ದುದರಿಂದ ಕೆಲವರು ಅಡುಗೆಮನೆಯನ್ನೂ ತೋರಿಸಿದರು. ಚಿಕ್ಕಣ್ಣ ಮಾತ್ರ ಕೆಲಸ ಮುಗಿಯುವವರೆಗೂ ನನ್ನ ಕೈಯ ಮೇಲಿಂದ ಕಣ್ಣು ತೆಗೆಯಲಿಲ್ಲ.

ಮರುವರ್ಷ ಸಂಕ್ರಾಂತಿ ಕಳೆದ ಮೇಲೆ, ಮುನಿಯಮ್ಮಜ್ಜಿ ಮಿಕ್ಕ ಬಣ್ಣದ ಡಬ್ಬಿಯನ್ನು ತಾವಾಗಿಯೇ ತಂದು ನನ್ನ ಮುಂದಿಟ್ಟರು.

“ಈ ಸಲ ನಮ್ಮ ಗೋಡೆ ಮ್ಯಾಲೂ ಒಂದೆರಡು ಇಂಗ್ಲಿಷು ಬರಿಯಪ್ಪಾ. ಸುಣ್ಣ ಕಂಡು ಬಾಳ ದಿನ ಆಯ್ತು.”