ಕುರಿಯಷ್ಟು ದೊಡ್ಡ ಬಸವನಹುಳು

ಬಿಷ್ಕೆಕ್ ನಗರದ ನಮ್ಮ ಪ್ರಾಣಿಶಾಸ್ತ್ರ ವಸ್ತುಸಂಗ್ರಹಾಲಯದಲ್ಲಿ ಕುರಿಯಷ್ಟು ದೊಡ್ಡ ಬಸವನಹುಳು ಇದೆ. ಸದ್ಯಕ್ಕೆ ಅದರ ಉದ್ದ ಒಂದೂವರೆ ಮಿಲಿಮೀಟರ್. ಎರಡು ಸಂಗತಿಗೂ ಮೊಹರು ಒತ್ತಿದವನು ಇಲ್ಲಿನ ಗುಮಾಸ್ತನಾದ ನಾನೇ.

ನಲವತ್ತು ವರ್ಷ ಅದು ಬೆಂಕಿಪೊಟ್ಟಣದೊಳಗೆ ಖಾಲಿ ಚಿಪ್ಪಾಗಿ ಬಿದ್ದಿತ್ತು. ಬೆಟ್ಟದ ಮಣ್ಣು ಜರಡಿ ಹಿಡಿದು ಅದನ್ನು ಹೆಕ್ಕಿದ್ದ ಶೈಲೋಬೆಕ್ ಮೇಷ್ಟ್ರು ಈಗಿಲ್ಲ. ಅವರ ಶಿಷ್ಯೆ ಬುರುಲ್ ಹನ್ನೊಂದು ವರ್ಷ ಸೂಕ್ಷ್ಮದರ್ಶಕಕ್ಕೆ ಕಣ್ಣು ಸವೆಸಿ, ಇದು ಜಗತ್ತಿಗೇ ಹೊಸ ಜಾತಿ ಎಂದು ಸಾಧಿಸಿದಳು. ಮೇಷ್ಟ್ರ ಹೆಸರಿಡಬೇಕು, ಅಷ್ಟೇ ಅವಳ ಆಸೆ.

ನಿರ್ದೇಶಕ ಮೆಲಿಸ್ ಬಾಯ್ಕೆ, ಅಂದರೆ ನಮ್ಮೆಲ್ಲರ ಮೆಲಿಸಣ್ಣ, ಕಡತ ತೆರೆದರು.

"ಸತ್ತೋರ ಹೆಸರಿಟ್ರೆ ನನ್ನ ಕುರ್ಚಿ ಉಳಿಯುತ್ತೇನಮ್ಮಾ? ಉಪಸಚಿವರ ಹೆಸರು ಹಾಕು."

ಆಮೇಲೆ ಹುಳುವಿನ ಫೋಟೋದ ಕೆಳಗೆ 'ಒಂದು ಮಿಲಿಮೀಟರ್' ಎಂದು ಬರೆದಿದ್ದ ಅಳತೆ ಗೆರೆ ನೋಡಿ ಬೆವರಿದರು.

"ಒಂದು ಮಿಲಿಮೀಟರ್ರಾ! ಔತಣದಲ್ಲಿ ದೊಡ್ಡೋರಿಗೆ ದೊಡ್ಡ ಎಲುಬು ಬಡಿಸ್ತೀವಿ. ಇದನ್ನ ಹೇಗೆ ಬಡಿಸಲಿ?"

"ಬಾಯ್ಕೆ, ಹುಳ ಇರೋದೇ ಅಷ್ಟು."

"ಹುಳದ ತಂಟೆಗೆ ಯಾರು ಹೋದ್ರು? ಗೆರೆ ತಿದ್ದು, ಸಾಕು."

ಬುರುಲ್ ತಿದ್ದಲಿಲ್ಲ. ಅವರೇ ಪೆನ್ನು ಹಿಡಿದು ಮಿಲಿಮೀಟರನ್ನು ಮೀಟರ್ ಮಾಡಿದರು. ಮರುದಿನ ಪ್ರಕಟಣೆ ಹೊರಟಿತು: "ಬಸವನಹುಳು ಎದುರಾದಲ್ಲಿ ದಾರಿ ಬಿಡತಕ್ಕದ್ದು. ಅದರ ಮೇಲೆ ಮಕ್ಕಳನ್ನು ಕೂರಿಸತಕ್ಕದ್ದಲ್ಲ."

ವಾರದಲ್ಲೇ ಉಪಸಚಿವರು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳಲು ಬಂದರು. ಮೆಲಿಸ್ ಬೆಂಕಿಪೊಟ್ಟಣ ತೆರೆದು ಭೂತಗನ್ನಡಿ ಕೊಟ್ಟರು.

"ಏನಯ್ಯಾ ಇದು?"

"ಮರಿ, ಸಾಹೇಬ್ರೇ. ತಾಯಿ ಬೆಟ್ಟಕ್ಕೆ ಮೇಯೋಕೆ ಹೋಗಿದೆ."

ಕುರಿ ಕಾಯ್ದು ಬೆಳೆದ ಉಪಸಚಿವರು ತಲೆಯಾಡಿಸಿದರು. "ಬೇಸಿಗೇಲಿ ಇನ್ನೆಲ್ಲಿರುತ್ತೆ? ಆದ್ರೆ ಇಷ್ಟು ಸಣ್ಣದಕ್ಕೆ ನನ್ನ ಹೆಸರು ಬೇಡ. ಬೆಳೆದ ಮೇಲೆ ಇಡಿ. ಅಲ್ಲಿವರೆಗೆ ಬೇರೆ ಯಾವ್ದಾದ್ರೂ ಇರಲಿ."

"ಶೈಲೋಬೆಕ್!" ಎಂದಳು ಬುರುಲ್, ಅವರ ಮಾತು ಮುಗಿಯುವ ಮೊದಲೇ. ನನಗೆ ಚಪ್ಪಾಳೆ ತಟ್ಟುವಷ್ಟು ಖುಷಿಯಾಯಿತು. ಕೈಯಲ್ಲಿ ಮೊಹರು ಇದ್ದದ್ದರಿಂದ ತಟ್ಟಲಿಲ್ಲ.

ಆದೇಶವಾಯಿತು: ಮೇಷ್ಟ್ರ ಹೆಸರು ಮರಿ ಬೆಳೆಯುವವರೆಗೆ ಮಾತ್ರ ಚಾಲ್ತಿಯಲ್ಲಿರತಕ್ಕದ್ದು, ತಿಂಗಳಿಗೊಮ್ಮೆ ಅಳತೆಯ ವರದಿ ಸಲ್ಲಿಸತಕ್ಕದ್ದು. ಹುಳುವಿಗೆ ಆ ಹೆಸರಿಟ್ಟೇ ಬುರುಲ್‌ಳ ಲೇಖನ ಅಚ್ಚಾಯಿತು. ಮೆಲಿಸ್ ಪ್ರತಿದಿನ ಬೆಳಿಗ್ಗೆ ಪೊಟ್ಟಣದ ಪಕ್ಕ ಎಲೆಕೋಸು ಇಟ್ಟು ಹೋಗುತ್ತಾರೆ. ಸಂಜೆ ಅದನ್ನು ನಾನು ಮನೆಗೆ ಒಯ್ಯುತ್ತೇನೆ.

ಇದು ಆರನೇ ವರ್ಷ. ಮೊನ್ನೆಯೂ ವರದಿ ಓದಿ ಮೆಲಿಸ್ ನಿಟ್ಟುಸಿರುಬಿಟ್ಟರು.

"ಸರಿಯಾಗಿ ತಿನ್ನಿಸ್ತಿದ್ದೀಯಾ ತಾನೇ?"

"ತಿನ್ನಿಸ್ತಿದ್ದೀನಿ ಬಾಯ್ಕೆ," ಎಂದಳು ಬುರುಲ್. "ನಮ್ಮ ಮೇಷ್ಟ್ರ ಥರಾನೇ ಅದು. ಎಷ್ಟು ತಿಂದ್ರೂ ಮೈಗೆ ಹತ್ತಲ್ಲ."