ಹೆಚ್ಚಿದ ತರಕಾರಿಯನ್ನು ಲಸಾನ್ಯದೊಳಗೆ ಅಡಗಿಸುವುದರ ಬಗ್ಗೆ

ಮಿಗತೆ ವಿಲೇವಾರಿ ಶಾಖೆ
ಸಂಖ್ಯೆ: ಮಿವಿಶಾ/ತರಕಾರಿ/ಪದರ/೧೧೭
ದಿನಾಂಕ: ಮೊಹರು ಅಸ್ಪಷ್ಟ

ಸುತ್ತೋಲೆ

ವಿಷಯ: ಕಚೇರಿಯ ಹಿತ್ತಲಿನಲ್ಲಿ ಮಿತಿಮೀರಿ ಬೆಳೆದ ತರಕಾರಿಯನ್ನು ಲಸಾನ್ಯ ಎಂಬ ಇಟಲಿ ದೇಶದ ತಿನಿಸಿನೊಳಗೆ ಪದರ ಪದರವಾಗಿ ಅಡಗಿಸಿ, ಓವನ್‌ನಲ್ಲಿ ಬೇಯಿಸಿ, ಸಿಬ್ಬಂದಿಯು ಸಾಮೂಹಿಕವಾಗಿ ತಿನ್ನುತ್ತಿರುವುದನ್ನು ನಿಲ್ಲಿಸುವ ಕುರಿತು.

ಉಲ್ಲೇಖ:
(ಅ) ಈ ಶಾಖೆಯ ಹಿಂದಿನ ಸುತ್ತೋಲೆ ಸಂಖ್ಯೆ ೧೦೯.
(ಆ) ಗುರುವಾರಗಳಂದು ಊಟದ ಕೋಣೆಯಿಂದ ಎರಡನೇ ಮಹಡಿಗೆ ಬರುತ್ತಿರುವ ವಾಸನೆ.
(ಇ) ತೋಟಗಾರರ ಮೌಖಿಕ ಸಮಜಾಯಿಷಿ.

ಈ ಕಚೇರಿಯ ಹಿತ್ತಲಿನಲ್ಲಿ ಟೊಮೆಟೊ, ಬದನೆ, ಜುಕಿನಿ (ಸೌತೆಯಂತೆ ಕಾಣುವ ವಿದೇಶಿ ತರಕಾರಿ) ಮುಂತಾದವು ಮಂಜೂರಾದ ಪ್ರಮಾಣವನ್ನು ಮೀರಿ ಬೆಳೆಯುತ್ತಿರುವುದು ಶಾಖೆಯ ಗಮನಕ್ಕೆ ಬಂದಿರುತ್ತದೆ. ಜುಕಿನಿಗಳಿಗೆ ನೇರವಾಗಿ ನೋಟಿಸು ನೀಡಲು ನಿಯಮಗಳಲ್ಲಿ ಅವಕಾಶವಿಲ್ಲದ ಕಾರಣ ಸಿಬ್ಬಂದಿಗೆ ನೀಡಲಾಗುತ್ತಿದೆ.

ಹಿತ್ತಲನ್ನು ನೋಡಿಕೊಳ್ಳುವ ತೋಟಗಾರರು (ಸಿಬ್ಬಂದಿಯ ಬಾಯಲ್ಲಿ ತೋಟದಣ್ಣ) ಹಿತ್ತಲ ಮೂಲೆಯ ಒಂದು ಕೋಣೆಯ ವಸತಿಯಲ್ಲಿ ಇರುತ್ತಾರೆ. ಅವರ ಪತ್ನಿ ಇದ್ದಷ್ಟು ಕಾಲ, ಮಿಕ್ಕ ಟೊಮೆಟೊ ಬಾಟಲಿ ಸೇರುತ್ತಿತ್ತು, ಮಿಕ್ಕ ಬದನೆ ಯಾರು ಯಾರದೋ ಕೈಚೀಲ ಸೇರುತ್ತಿತ್ತು. ಹೀಗಾಗಿ ಮಿಗತೆ ಎಂಬುದು ಕಾಗದದ ಮೇಲೆ ಹುಟ್ಟಿರಲಿಲ್ಲ. ಸದರಿ ಪತ್ನಿಯು ಕಳೆದ ಚಳಿಗಾಲದಲ್ಲಿ, ಶಾಖೆಗೆ ಮುಂಚಿತವಾಗಿ ತಿಳಿಸದೆ, ತೀರಿಕೊಂಡಿರುತ್ತಾರೆ. ಅಂದಿನಿಂದ ತರಕಾರಿ ಮಿಗುತ್ತಿದೆ.

ಮಿಕ್ಕಿದ್ದನ್ನು ಊಟದ ಕೋಣೆಯ ಅಡುಗೆಯವರು (ಇವರನ್ನು ಇಡೀ ಕಚೇರಿ ಅತ್ತಿಗೆ ಎಂದು ಕರೆಯುತ್ತಿದ್ದು, ಇವರು ಯಾರ ಅಣ್ಣನ ಹೆಂಡತಿ ಎಂಬುದು ಸೇವಾ ಪುಸ್ತಕದಲ್ಲಿ ನಮೂದಾಗಿಲ್ಲ) ಪ್ರತಿ ಗುರುವಾರ ಲಸಾನ್ಯ ಮಾಡಿ, ತೋಟಗಾರರನ್ನು ಕರೆಸಿ, ಮೇಜಿನ ನಡುವೆ ಕೂರಿಸಿ, ಎಲ್ಲರೊಡನೆ ಉಣ್ಣಿಸುತ್ತಿದ್ದಾರೆ. ಮಿಕ್ಕ ದಿನಗಳಲ್ಲಿ ತೋಟಗಾರರು ಒಲೆಯನ್ನೇ ಹಚ್ಚುವುದಿಲ್ಲ, ಗುರುವಾರ ನಿಂತರೆ ಅವರು ಊಟವನ್ನೇ ಬಿಡುತ್ತಾರೆ ಎಂಬುದು ಅತ್ತಿಗೆಯವರ ವಾದ. ಯಾರು ಉಂಡರು, ಯಾರು ಬಿಟ್ಟರು ಎಂಬುದು ಈ ಶಾಖೆಯ ವ್ಯಾಪ್ತಿಗೆ ಬರುವುದಿಲ್ಲ. ಮಿಗತೆ ಮಾತ್ರ ಬರುತ್ತದೆ. ಆದುದರಿಂದ ಗುರುವಾರದ ಟ್ರೇಯನ್ನು ನಿಲ್ಲಿಸಿ ಓವನ್‌ಗೆ ಮೊಹರು ಹಾಕಲು ಉದ್ದೇಶಿಸಿ, ಈ ಕೆಳಕಂಡಂತೆ ಸೂಚಿಸಲಾಗಿದೆ.

೧. ಪದದ ಅರ್ಥದ ಬಗ್ಗೆ. ಉಲ್ಲೇಖ (ಅ)ರ ಸುತ್ತೋಲೆಯಲ್ಲಿ "ಹೆಚ್ಚಿದ ತರಕಾರಿಯನ್ನು ಅದೇ ದಿನ ಸಂಜೆಯೊಳಗೆ ಖಾಲಿ ಮಾಡತಕ್ಕದ್ದು" ಎಂದು ಆದೇಶಿಸಲಾಗಿತ್ತು. ಹೆಚ್ಚಿದ ಎಂದರೆ ಬೆಳೆದು ಅಧಿಕವಾದ, ಖಾಲಿ ಮಾಡುವುದು ಎಂದರೆ ಕಸದ ಗುಂಡಿಗೆ ಸುರಿಯುವುದು ಎಂದು ಶಾಖೆಯ ಆಶಯವಾಗಿತ್ತು. ಅಡುಗೆಯವರು ಇದನ್ನು ಚಾಕುವಿನಿಂದ ಹೆಚ್ಚಿದ ಎಂದು ಓದಿಕೊಂಡು, ಹಿತ್ತಲಿನ ಸಮಸ್ತ ತರಕಾರಿಯನ್ನೂ ಹೆಚ್ಚಿ, ಲಸಾನ್ಯ ಮಾಡಿ, ಸಂಜೆಯೊಳಗೆ ಖಾಲಿ ಮಾಡಿಸಿರುತ್ತಾರೆ. ವಿಚಾರಣೆಯಲ್ಲಿ ಅವರು ನೀಡಿದ ಹೇಳಿಕೆಯನ್ನು ಆಡಳಿತ ಭಾಷೆಗೆ ತಿರುಗಿಸಲು ಗುಮಾಸ್ತರು ಮಾಡಿದ ಪ್ರಯತ್ನ ವಿಫಲವಾದುದರಿಂದ ಇದ್ದಂತೆಯೇ ದಾಖಲಿಸಲಾಗಿದೆ: "ಅಲ್ಲ ಸ್ವಾಮಿ, ಹೆಚ್ಚಿದ್ದನ್ನ ಸಂಜೆಯೊಳಗೆ ಖಾಲಿ ಮಾಡಿ ಅಂತ ಬರೆದೋರು ನೀವೇ ತಾನೆ? ಹೆಚ್ಚಿದೆ. ಖಾಲಿ ಆಯ್ತು. ಟ್ರೇನೂ ತೊಳೆದಿಟ್ಟಿದೀನಿ. ಇನ್ನೇನು ಮಾಡ್ಬೇಕಿತ್ತು ಹೇಳಿ, ಅದನ್ನೂ ಮಾಡ್ತೀನಿ."

ಆದೇಶವನ್ನು ಪಾಲಿಸಿದ ತಪ್ಪಿಗಾಗಿ ಅವರಿಗೆ ಎಚ್ಚರಿಕೆ ನೀಡಲಾಗಿದೆ.

೨. ಇನ್ನು ಮುಂದೆ ಮೊದಲನೆಯದನ್ನು ಹೆಚ್ಚಿದ (ಬೆಳೆ) ಎಂದೂ ಎರಡನೆಯದನ್ನು ಹೆಚ್ಚಿದ (ಚಾಕು) ಎಂದೂ ಬರೆಯತಕ್ಕದ್ದು. ಹೆಚ್ಚಿದ (ಬೆಳೆ) ಸ್ಥಿತಿಯಲ್ಲಿರುವ ಬದನೆಯನ್ನು ಹೆಚ್ಚಿದ (ಚಾಕು) ಸ್ಥಿತಿಗೆ ತರುವ ಮುನ್ನ ನಮೂನೆ-೨ರಲ್ಲಿ ಮೂರು ಪ್ರತಿಗಳಲ್ಲಿ ಅನುಮತಿ ಪಡೆಯತಕ್ಕದ್ದು. ಅನುಮತಿ ಬರುವಷ್ಟರಲ್ಲಿ ಬದನೆ ಕೊಳೆತಿದ್ದಲ್ಲಿ ಅರ್ಜಿಯನ್ನು ವಿಲೇವಾರಿಯಾಗಿದೆ ಎಂದು ಭಾವಿಸತಕ್ಕದ್ದು.

೩. ಗುಂಡಿಗೆ ಸುರಿಯಬೇಕಾದ ತರಕಾರಿಗೆ ನಿರುಪಯುಕ್ತತಾ ಪ್ರಮಾಣಪತ್ರ ಕಡ್ಡಾಯ. ತಾಜಾ ಇರುವ ತರಕಾರಿಗೆ ಈ ಪ್ರಮಾಣಪತ್ರ ನೀಡಲು ಬರುವುದಿಲ್ಲ. ಆದ್ದರಿಂದ ಅದನ್ನು ಪಡಸಾಲೆಯಲ್ಲಿ ಇರಿಸಿ, ಅರ್ಹತೆ ಪಡೆಯುವವರೆಗೆ ಕಾಯತಕ್ಕದ್ದು. ನೊಣಗಳು ಬಂದುದನ್ನು ಅರ್ಹತೆಯ ಮೊದಲ ಲಕ್ಷಣವೆಂದು ಪರಿಗಣಿಸಲಾಗುವುದು.

೪. ಪದರಗಳ ಬಗ್ಗೆ. ಸದರಿ ತಿನಿಸಿನಲ್ಲಿ ಕೆಳಗೆ ಟೊಮೆಟೊ ಸಾಸ್, ಅದರ ಮೇಲೆ ಅಲ್ಲೇ ಹಿಟ್ಟು ನಾದಿ ಲಟ್ಟಿಸಿದ ಪಾಸ್ತಾ ಹಾಳೆ, ಅದರ ಮೇಲೆ ಬಾಡಿಸಿದ ಬದನೆ ಮತ್ತು ಜುಕಿನಿ, ಅದರ ಮೇಲೆ ಹಾಲು ಬೆಣ್ಣೆ ಹಿಟ್ಟಿನ ಬಿಳಿ ಸಾಸ್, ಮತ್ತೆ ಹಾಳೆ, ಹೀಗೆ ಐದು ಪದರಗಳಾಗಿ, ತುದಿಯಲ್ಲಿ ಚೀಸ್ ಇರುತ್ತದೆ. ಇದುವರೆಗೆ ಆಕ್ಷೇಪವಿಲ್ಲ, ಕಚೇರಿಯ ರಚನೆಯೂ ಹೀಗೆಯೇ ಇದೆ. ಆದರೆ ಅತ್ತಿಗೆಯವರು ಟ್ರೇಯನ್ನು ಮೇಲಿನಿಂದ ಕೆಳಕ್ಕೆ ಕತ್ತರಿಸುತ್ತಿರುವುದರಿಂದ ಪ್ರತಿಯೊಬ್ಬರ ತಟ್ಟೆಗೂ ಎಲ್ಲ ಪದರಗಳೂ ಬೀಳುತ್ತಿವೆ. ಕಸ ಗುಡಿಸುವವರಿಗೂ ಚೀಸ್ ಬಿದ್ದಿರುವ ಒಂದು ಪ್ರಕರಣ ವರದಿಯಾಗಿದೆ. ಇದು ಶ್ರೇಣಿ ವ್ಯವಸ್ಥೆಗೆ ಮಾಡಿದ ಅಪಚಾರ. ಇನ್ನು ಮುಂದೆ ಟ್ರೇಯನ್ನು ಅಡ್ಡಡ್ಡಲಾಗಿ ಕತ್ತರಿಸಿ, ಮೇಲ್ಪದರವನ್ನು ಮೇಲ್ದರ್ಜೆಯವರಿಗೂ, ತಳದ ಸಾಸನ್ನು ತಳದವರಿಗೂ ಬಡಿಸತಕ್ಕದ್ದು.

೫. ಚೀಸಿನ ಅಡಿಯಲ್ಲಿ ತರಕಾರಿ ಇರಿಸುವುದನ್ನು ಮಾಹಿತಿ ಮರೆಮಾಚುವಿಕೆ ಎಂದು ಪರಿಗಣಿಸಲಾಗಿದೆ. ಬದನೆಯನ್ನು ಹುಟ್ಟಿದಾರಭ್ಯ ಮುಟ್ಟದ ಶಾಖೆಯ ಅಧಿಕಾರಿಗಳು ಸಾಕ್ಷ್ಯ ಸಂಗ್ರಹಕ್ಕೆಂದು ಊಟದ ಕೋಣೆಗೆ ಹೋಗಿ, ಸಾಕ್ಷ್ಯವನ್ನು ಮೂರು ಸಲ ಬಡಿಸಿಕೊಂಡಿದ್ದು, ನಾಲ್ಕನೆಯ ಸಲಕ್ಕೆ ಮೂಲೆಯ ಗರಿಗರಿ ತುಂಡನ್ನೇ ಕೇಳಿರುತ್ತಾರೆ. ಆಗ ಪಕ್ಕದಲ್ಲಿ ಉಣ್ಣುತ್ತಿದ್ದ ಕಚೇರಿ ವಾಹನದ ಚಾಲಕರು "ಮೂಲೇಲಿ ಬದನೆ ಜಾಸ್ತಿ ಇರುತ್ತೆ ಸಾರ್, ನಿಮಗಾಗಲ್ಲ, ಇಲ್ಲಿ ಕೊಡಿ" ಎಂದು ತಟ್ಟೆಗೆ ಕೈ ಹಾಕಿದ್ದು, ಅಧಿಕಾರಿಗಳು ತಟ್ಟೆಯನ್ನು ಬಿಡದೆ ಕರ್ತವ್ಯನಿಷ್ಠೆ ಮೆರೆದಿರುತ್ತಾರೆ. ಇಂಥ ಮುಜುಗರ ಮರುಕಳಿಸದಂತೆ, ಒಳಗಿರುವ ತರಕಾರಿಯ ಹೆಸರನ್ನು ಬರೆದ ಚೀಟಿಯನ್ನು ಕಡ್ಡಿಗೆ ಸಿಕ್ಕಿಸಿ ಟ್ರೇಯ ಮೇಲೆ ನೆಡತಕ್ಕದ್ದು.

೬. ಬೆಳ್ಳುಳ್ಳಿ.

(ಈ ಕಂಡಿಕೆಯ ಬಗ್ಗೆ ಒಮ್ಮತ ಮೂಡಿರುವುದಿಲ್ಲ.)

೭. ಸಮಾಧಾನದ ಬಗ್ಗೆ. ಗುರುವಾರದ ಊಟ ಯಾಕೆ ಬೇಕು ಎಂದು ಲಿಖಿತವಾಗಿ ಕೇಳಲಾಗಿ, ಸಿಬ್ಬಂದಿಯ ಪೈಕಿ ಹದಿನೇಳು ಮಂದಿ "ತಿಂದರೆ ಒಂಥರಾ ಸಮಾಧಾನ ಆಗುತ್ತೆ" ಎಂದು ಉತ್ತರಿಸಿರುತ್ತಾರೆ. ಹದಿನೆಂಟನೆಯವರು "ತೋಟದಣ್ಣ ತಿನ್ನೋದು ನೋಡಿದ್ರೆ ಸಮಾಧಾನ ಆಗುತ್ತೆ" ಎಂದು ಬರೆದು, ಪ್ರಶ್ನೆಯನ್ನು ಸರಿಯಾಗಿ ಓದದಿರುವುದನ್ನು ತಾವೇ ಒಪ್ಪಿಕೊಂಡಂತಾಗಿದೆ. ಸಿಬ್ಬಂದಿಗೆ ಸಮಾಧಾನ ನೀಡುವ ಅಧಿಕಾರವನ್ನು ಯಾವ ಆದೇಶದಲ್ಲಿಯೂ ಅಡುಗೆಯವರಿಗೆ ವಹಿಸಿರುವುದಿಲ್ಲ. ಸಮಾಧಾನ ಅಗತ್ಯವಿರುವವರು, ಯಾವ ಕಾರಣಕ್ಕೆ, ಎಷ್ಟು ದಿನಕ್ಕೆ ಎಂಬ ವಿವರಗಳೊಂದಿಗೆ ಅರ್ಜಿ ಸಲ್ಲಿಸಿದಲ್ಲಿ ಮುಂದಿನ ವರ್ಷ ಪರಿಶೀಲಿಸಲಾಗುವುದು.

೮. ಊಟಕ್ಕೆ ಮುಂಚೆ ತೋಟಗಾರರು ಕಣ್ಣು ಮುಚ್ಚಿ ದೇವರನ್ನು ನೆನೆಯುತ್ತಾರೆಂದೂ, ಅವರು ಕಣ್ಣು ತೆರೆಯುವವರೆಗೆ ಚಾಲಕರೂ ಸೇರಿ ಯಾರೂ ಚಮಚ ಎತ್ತುವುದಿಲ್ಲವೆಂದೂ ತಿಳಿದುಬಂದಿದೆ. ಕಾಯುವ ಅವಧಿ ಕೆಲವು ವಾರ ಅರ್ಧ ನಿಮಿಷ, ಕೆಲವು ವಾರ ಬಹಳ ಹೆಚ್ಚು. ಓವನ್ ಇಲಾಖೆಯದು, ಹಿತ್ತಲು ಇಲಾಖೆಯದು. ಆದ್ದರಿಂದ ಕೃತಜ್ಞತೆಯನ್ನು ಶಾಖಾಧಿಕಾರಿಗಳ ಮುಖಾಂತರ ಸಲ್ಲಿಸತಕ್ಕದ್ದು. ನೇರವಾಗಿ ಮೇಲಕ್ಕೆ ಸಲ್ಲಿಸುವುದು ಶಿಸ್ತಿನ ಉಲ್ಲಂಘನೆ.

೯. ಮಿಗತೆಯ ಮೂಲದ ಬಗ್ಗೆ. ಅಗತ್ಯಕ್ಕಿಂತ ಅಧಿಕವಾಗಿ ಬಿತ್ತಿದ್ದೇಕೆ ಎಂದು ತೋಟಗಾರರನ್ನು ಕೇಳಲಾಯಿತು. ಅವರ ಉತ್ತರ: "ಸಾಲು ಹಾಕ್ತಿದ್ದೋಳು ಅವಳು ಸ್ವಾಮಿ. ದಾರ ಕಟ್ಟಿ, ಇಲ್ಲಿಂದ ಅಲ್ಲಿವರೆಗೆ ಅಂತ ಗೂಟ ಹೊಡೆದಿಟ್ಟಿದ್ಲು. ಗೂಟ ಹಾಗೇ ಇದ್ವು. ನಾನು ಗೂಟ ನೋಡ್ಕೊಂಡು ಬಿತ್ತಿದೆ. ಅರ್ಧಕ್ಕೆ ನಿಲ್ಲಿಸೋಕೆ ಕೈ ಬರ್ಲಿಲ್ಲ."

'ಮಿಗತೆಗೆ ಕಾರಣ' ಎಂಬ ಅಂಕಣದಲ್ಲಿ ಮಳೆ, ಗೊಬ್ಬರ, ಅಜಾಗರೂಕತೆ ಎಂಬ ಮೂರು ಆಯ್ಕೆಗಳು ಮಾತ್ರ ಇವೆ. ತೋಟಗಾರರ ಉತ್ತರ ಮೊದಲ ಎರಡರಲ್ಲಿ ಕೂರದ ಕಾರಣ ಅಜಾಗರೂಕತೆ ಎಂದು ದಾಖಲಿಸಲಾಗಿದೆ. ಇದನ್ನು ಓದಿ ಹೇಳಿದಾಗ ಅವರು ತಲೆಯಾಡಿಸಿದ್ದರಿಂದ, ಒಪ್ಪಿಗೆಯೂ ದೊರೆತಂತಾಗಿದೆ.

೧೦. ಮಿಗತೆಯನ್ನು ಬುಡದಲ್ಲಿಯೇ ನಿವಾರಿಸುವ ಸಲುವಾಗಿ, ಮುಂದಿನ ಬಿತ್ತನೆಯಿಂದ ತೋಟಗಾರರು ತಮ್ಮ ಮನೆಯಲ್ಲಿ ಉಣ್ಣುವವರ ಸಂಖ್ಯೆಗೆ ಸಾಲುವಷ್ಟು ಮಾತ್ರ ಬಿತ್ತತಕ್ಕದ್ದು ಎಂದು ಆದೇಶಿಸಿ, ನಮೂನೆ-೪ನ್ನು ಅವರಿಗೆ ಕಳುಹಿಸಲಾಯಿತು. ಅದರಲ್ಲಿ ಕೇಳಿರುವುದು ಇಷ್ಟೇ: ಮನೆಯಲ್ಲಿ ಉಣ್ಣುವವರು ಯಾರು ಯಾರು, ಅವರ ಸಂಬಂಧವೇನು, ಒಟ್ಟು ಎಷ್ಟು. ತೋಟಗಾರರು 'ಒಂದು' ಎಂದು ಬರೆದು ಸಹಿ ಮಾಡಿದಲ್ಲಿ, ಹಿತ್ತಲನ್ನು ಎರಡು ಸಾಲಿಗೆ ಇಳಿಸಿ, ಅದೇ ದಿನ ಓವನ್‌ಗೆ ಮೊಹರು ಹಾಕಲು ಎಲ್ಲ ಸಿದ್ಧತೆಗಳೂ ಆಗಿದ್ದವು. ಅರಗು ಸಹ ಕರಗಿಸಿಡಲಾಗಿತ್ತು.

೧೧. ನಮೂನೆಯು ಆರು ದಿನ ಹಿಂದಿರುಗಲಿಲ್ಲ. 'ಒಂದು' ಎಂಬ ಪದ ಬರೆಯಲು ಆರು ದಿನ ಏಕೆ ಬೇಕು ಎಂದು ಜ್ಞಾಪನ ಕಳುಹಿಸಲಾಯಿತು. ಜ್ಞಾಪನ ಒಯ್ದ ಜವಾನರು ಹಿಂದಿರುಗಿ, ತೋಟಗಾರರು ಕಾಗದವನ್ನು ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದಾರೆಂದೂ, ಪೆನ್ನಿನ ಮುಚ್ಚಳ ತೆಗೆದೇ ಇಲ್ಲವೆಂದೂ ಮೇಲಿನವರಿಗೆ ಹೇಳುವ ಬದಲು ಊಟದ ಕೋಣೆಗೆ ಹೋಗಿ ಅತ್ತಿಗೆಯವರಿಗೆ ಹೇಳಿರುತ್ತಾರೆ. ಜವಾನರ ಮೇಲೆ ಕ್ರಮ ಬಾಕಿ ಇದೆ.

ಏಳನೆಯ ದಿನ ಗುರುವಾರವಾಗಿದ್ದು, ಅಂದು ಮಧ್ಯಾಹ್ನ ನಮೂನೆಯು ಟೊಮೆಟೊ ಕಲೆಗಳೊಂದಿಗೆ, ಹಲವು ಕೈಬರಹಗಳಲ್ಲಿ ಭರ್ತಿಯಾಗಿ ಬಂದಿತು. ಅದರ ಸಾರಾಂಶ:

ಸಾಲು ೧: ತೋಟಗಾರರ ಕೈಬರಹದಲ್ಲಿ, "ನಾನು".
ಸಾಲು ೨: ಖಾಲಿ.
ಸಾಲು ೩: ಅಡುಗೆಯವರು. ಸಂಬಂಧ: ಅತ್ತಿಗೆ.
ಸಾಲು ೪: ಚಾಲಕರು. ಸಂಬಂಧ: ತಮ್ಮ. ಷರಾ: ಹಸಿವು ಜಾಸ್ತಿ, ಇಬ್ಬರು ಅಂತ ಎಣಿಸಿದರೂ ಸರಿ.
ಸಾಲು ೫: ಬೆರಳಚ್ಚುಗಾರ್ತಿ. ಸಂಬಂಧ: ಮಗಳು.
ಸಾಲು ೬: ಕಾವಲುಗಾರರು. ಸಂಬಂಧ: ಷಡ್ಡಕ. ಷರಾ: ಹೇಗೆ ಅಂತ ಕೇಳಬೇಡಿ.
ಸಾಲು ೭: ಈ ಶಾಖೆಯ ಗುಮಾಸ್ತರು. ಸಂಬಂಧ: ಬೀಗರು. (ಇಬ್ಬರಿಗೂ ಮಕ್ಕಳಿಲ್ಲ.)

ಹೀಗೆ ಇಪ್ಪತ್ತಮೂರು ಸಾಲುಗಳವರೆಗೆ. ಇದ್ದ ಸಾಲುಗಳು ಸಾಲದೆ ಕೊನೆಯ ಮೂವರು ಹಾಳೆಯ ಅಂಚಿನಲ್ಲಿ ಗೆರೆ ಎಳೆದುಕೊಂಡಿರುತ್ತಾರೆ.

೧೨. ಎರಡನೆಯ ಸಾಲು ಏಕೆ ಖಾಲಿ ಎಂದು ಸಿಬ್ಬಂದಿಯನ್ನು ಕೇಳಲಾಗಿ, ಎಲ್ಲರೂ ಅದೊಂದನ್ನು ಬಿಟ್ಟು ಮುಂದಿನದರಲ್ಲಿ ಬರೆದೆವು ಎಂದು ಮಾತ್ರ ಹೇಳಿರುತ್ತಾರೆ. ಜಾಗ ವ್ಯರ್ಥವಾಗುವುದನ್ನು ಕಂಡೂ ಯಾರೊಬ್ಬರೂ ಅದರಲ್ಲಿ ಬರೆಯಲು ಮುಂದಾಗದಿರುವುದು ಆಶ್ಚರ್ಯಕರ. ಖಾಲಿ ಸಾಲನ್ನು ಒಟ್ಟು ಸಂಖ್ಯೆಯಲ್ಲಿ ಸೇರಿಸಬೇಕೇ ಬೇಡವೇ ಎಂದು ಮೇಲಿನ ಕಚೇರಿಯ ಅಭಿಪ್ರಾಯ ಕೋರಲಾಯಿತು. "ಕ್ರಮಸಂಖ್ಯೆ ಇರುವುದರಿಂದ ವ್ಯಕ್ತಿ ಇದ್ದಂತೆಯೇ ಲೆಕ್ಕ" ಎಂದು ಸ್ಪಷ್ಟೀಕರಣ ಬಂದಿರುತ್ತದೆ. ಅದರಂತೆ ಉಣ್ಣುವವರ ಸಂಖ್ಯೆ ಇಪ್ಪತ್ತಮೂರು ಎಂದು ಈ ಮೂಲಕ ಅಂತಿಮಗೊಳಿಸಲಾಗಿದೆ. ಸಂಬಂಧಗಳು ಸುಳ್ಳೆಂದು ಸಾಬೀತುಪಡಿಸಲು ಶಾಖೆಯು ಪ್ರಯತ್ನಿಸಿತಾದರೂ, ಅತ್ತಿಗೆ ಎಂಬ ನಮೂದನ್ನು ಶಾಖೆಯೇ ಈ ಸುತ್ತೋಲೆಯಲ್ಲಿ ಹಲವು ಬಾರಿ ಬಳಸಿರುವುದರಿಂದ ಆ ದಾರಿ ಮುಚ್ಚಿದೆ.

೧೩. ಇಪ್ಪತ್ತಮೂರು ಮಂದಿಗೆ ಭಾಗಿಸಿದಾಗ ಹಿತ್ತಲಿನ ಈಗಿನ ಬೆಳೆ ಮಿಗುವುದಿಲ್ಲ. ನಾಲ್ಕು ಬುಟ್ಟಿಗಳಷ್ಟು ಕಡಿಮೆ ಬೀಳುತ್ತದೆ. ಕಡಿಮೆ ಬಿದ್ದದ್ದು ಮಿಗತೆ ಶಾಖೆಗೆ ಸೇರುವುದಿಲ್ಲ. ಕಡತವನ್ನು ಪಕ್ಕದ ಕೋಣೆಯ ಕೊರತೆ ನಿವಾರಣಾ ಶಾಖೆಗೆ ವರ್ಗಾಯಿಸಲಾಗಿದೆ. ಓವನ್‌ಗೆ ಮೊಹರು ಹಾಕುವ ಅಧಿಕಾರವೂ ಕಡತದೊಂದಿಗೆ ಹೋಗಿದ್ದು, ಕೊರತೆ ಶಾಖೆಯ ಬಳಿ ಅರಗು ಇರುವುದಿಲ್ಲ.

೧೪. ಆದಾಗ್ಯೂ ಈ ಸುತ್ತೋಲೆ ಜಾರಿಯಲ್ಲಿರುತ್ತದೆ. ಇದು ಯಾರಿಗೆ, ಯಾವುದಕ್ಕೆ ಅನ್ವಯಿಸುತ್ತದೆ ಎಂದು ಯಾರೂ ಕೇಳತಕ್ಕದ್ದಲ್ಲ.

ಸಹಿ/-
ಮಿಗತೆ ಅಧಿಕಾರಿಗಳ ಪರವಾಗಿ
(ಅಧಿಕಾರಿಗಳು ಹೆಚ್ಚುವರಿ ತನಿಖೆಯ ನಿಮಿತ್ತ ಊಟದ ಕೋಣೆಗೆ ತೆರಳಿರುತ್ತಾರೆ.)

ಪ್ರತಿಗಳು:

೧. ಎಲ್ಲ ಶಾಖೆಗಳಿಗೆ, ಓದದೆ ಸಹಿ ಮಾಡಿ ಹಿಂದಿರುಗಿಸುವ ವಾಡಿಕೆಯನ್ನು ಮುಂದುವರಿಸಲು ಕೋರಿ.

೨. ಅಡುಗೆಯವರಿಗೆ. ಇದರ ಹಿಂಬದಿಯಲ್ಲಿ ಪಾಸ್ತಾ ಹಾಳೆ ಒಣಗಿಸತಕ್ಕದ್ದಲ್ಲ.

೩. ಮಳೆ ಬಿಸಿಲು ಒದಗಿಸುವ ಪ್ರಾಧಿಕಾರಕ್ಕೆ, ಬೇಡಿಕೆಗೆ ಅನುಗುಣವಾಗಿ ಮಾತ್ರ ಒದಗಿಸಲು ಕೋರಿ. ಈ ಹಿಂದಿನ ಮೂರು ಪತ್ರಗಳಿಗೂ ಉತ್ತರ ಬಂದಿರುವುದಿಲ್ಲ. ಬೆಳೆ ಮಾತ್ರ ಬಂದಿರುತ್ತದೆ.

೪. ಸೂಚನಾ ಫಲಕಕ್ಕೆ, ಗಾಜು ಒಡೆದಿರುವ ಕಡೆ.

೫. ಕೊರತೆ ನಿವಾರಣಾ ಶಾಖೆಗೆ, ಕಡತದ ಸಮೇತ. ಕಡತಕ್ಕೆ ಚೀಸ್ ಅಂಟಿದೆ. ಹಾಳೆ ಬಿಡಿಸುವಾಗ ಎಚ್ಚರ.

೬. ತೋಟಗಾರರಿಗೆ. ಉಣ್ಣುವವರು ಎರಡನೆಯ ಸಾಲೂ ಸೇರಿ ಇಪ್ಪತ್ತಮೂರು ಎಂದು ಅಂತಿಮಗೊಂಡಿರುವುದರಿಂದ, ಬರುವ ಬಿತ್ತನೆಯಲ್ಲಿ ಮೊದಲ ಗೂಟದಿಂದ ಕೊನೆಯ ಗೂಟದವರೆಗೆ ಪೂರ್ತಿ ಬಿತ್ತತಕ್ಕದ್ದು. ಅರ್ಧಕ್ಕೆ ನಿಲ್ಲಿಸಿದ್ದು ಕಂಡುಬಂದಲ್ಲಿ ಶಿಸ್ತುಕ್ರಮ ಜರುಗಿಸಲಾಗುವುದು.